ಇಡ್ಲಿ ಸರಿ, ಸಾಂಬಾರ್ ಏಕೆ ಬೇಡ?

ಮಕ್ಕಳೇ, ನಿಮ್ಮ ತರಗತಿಯವರೆಲ್ಲ ತೊಂಡೇಬಾವಿಯಲ್ಲಿ ರೈಲು ಹತ್ತಿ, ಗೌರಿಬಿದನೂರಿನಲ್ಲಿ ಇಳಿದು, ವಿದುರಾಶ್ವತ್ಥಕ್ಕೆ ಪ್ರವಾಸ ಹೊರಟಿದ್ದೀರಿ ಎಂದುಕೊಳ್ಳಿ. ದಾರಿಯಲ್ಲಿ ತಿಂಡಿಗೆ ಹೋಟೆಲಿಗೆ ಹೋದಿರಿ. ಎಲ್ಲರೂ ಪೂರಿ ಕೇಳಿದಿರಿ. ಗೆಳತಿಯೊಬ್ಬಳು ಮಾತ್ರ "ನನಗೆ ಗೋಧಿ ಆಗುವುದಿಲ್ಲ, ಇಡ್ಲಿ ಸಾಕು" ಎಂದಳು. ಸಾಂಬಾರ್ ಬಂದಾಗ ಅದನ್ನೂ ಬೇಡವೆಂದಳು! ಸಾಂಬಾರಿನಲ್ಲಿ ಗೋಧಿ ಎಲ್ಲಿದೆ? ತಿಳಿಯೋಣ ಬನ್ನಿ.

ಮಾಡಿ ನೋಡಿ

ಗೋಧಿ ಹಿಟ್ಟು, ರಾಗಿ ಹಿಟ್ಟುಗಳನ್ನು ಬೇರೆ ಬೇರೆಯಾಗಿ ಕಲಸಿ ಉಂಡೆ ಮಾಡಿ. ಅರ್ಧ ಗಂಟೆಯ ನಂತರ ಒಂದೊಂದನ್ನೇ ನೀರಿನಲ್ಲಿ ಹಿಸುಕುತ್ತಾ ತೊಳೆಯಿರಿ. ರಾಗಿ ಉಂಡೆ ಪುಡಿಪುಡಿಯಾಗಿ ಚದುರುತ್ತದೆ. ಗೋಧಿ ಉಂಡೆಯಲ್ಲಿದ್ದ ಬಿಳಿ ಪಿಷ್ಟ ನೀರಿಗೆ ಹೋಗಿ, ರಬ್ಬರಿನಂತೆ ಹಿಗ್ಗುವ ಅಂಟು ಪದಾರ್ಥ ಉಳಿಯುತ್ತದೆ. ಅದೇ ಗ್ಲುಟೆನ್ ಎಂಬ ಪ್ರೋಟೀನು. ಬಾರ್ಲಿಯಲ್ಲೂ ಇಂತಹ ಪ್ರೋಟೀನು ಇದೆ. ಅಕ್ಕಿ, ರಾಗಿ, ಜೋಳಗಳಲ್ಲಿ ಇಲ್ಲ.

ಕರುಳಿನೊಳಗೆ ಏನಾಗುತ್ತದೆ?

ನಮ್ಮ ಸಣ್ಣ ಕರುಳಿನ ಒಳಗೋಡೆಯಲ್ಲಿ ಬೆರಳಿನಾಕಾರದ ಅತಿ ಸಣ್ಣ ರಚನೆಗಳಿವೆ. ಇವೇ ವಿಲ್ಲೈಗಳು. ಜೀರ್ಣವಾದ ಆಹಾರವನ್ನು ಹೀರಿಕೊಳ್ಳುವುದು ಇವುಗಳ ಕೆಲಸ. ಸೀಲಿಯಾಕ್ ಕಾಯಿಲೆ ಇರುವವರು ಗ್ಲುಟೆನ್ ತಿಂದರೆ, ಅವರ ದೇಹದ ರಕ್ಷಣಾ ವ್ಯವಸ್ಥೆಯೇ ಕರುಳಿನ ಗೋಡೆಗೆ ಹಾನಿ ಮಾಡುತ್ತದೆ. ವಿಲ್ಲೈಗಳು ಚಪ್ಪಟೆಯಾಗುತ್ತವೆ. ಆಗ ಭೇದಿ, ಹೊಟ್ಟೆನೋವು, ರಕ್ತಹೀನತೆ ಕಾಣಿಸಬಹುದು. ಮಕ್ಕಳ ಬೆಳವಣಿಗೆ ಕುಂಠಿತವಾಗಬಹುದು. ಇದು ಅಂಟುರೋಗವಲ್ಲ. ಜೀವನವಿಡೀ ಗ್ಲುಟೆನ್ ಬಿಡುವುದೇ ಇದಕ್ಕೆ ಚಿಕಿತ್ಸೆ.

ಈ ಕಾಯಿಲೆಗೂ ಗೋಧಿಗೂ ಇರುವ ನಂಟನ್ನು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ 1950ರಲ್ಲಿ ತಮ್ಮ ಮಹಾಪ್ರಬಂಧದಲ್ಲಿ ವಿವರಿಸಿದರು.

ಅಡಗಿ ಕುಳಿತ ಗೋಧಿ

ಪೂರಿ, ಚಪಾತಿ, ಉಪ್ಪಿಟ್ಟು ಗೋಧಿಯವೆಂದು ಸುಲಭವಾಗಿ ತಿಳಿಯುತ್ತದೆ. ಸಾಂಬಾರಿಗೆ ಹಾಕುವ ಇಂಗು? ಅಂಗಡಿಯಲ್ಲಿ ಸಿಗುವ ಅನೇಕ ಬಗೆಯ ಇಂಗಿನಲ್ಲಿ ಗೋಧಿ ಅಥವಾ ಮೈದಾ ಹಿಟ್ಟು ಬೆರೆತಿರುತ್ತದೆ. ಪೂರಿ ಕರಿದ ಎಣ್ಣೆಯಲ್ಲೇ ಉದ್ದಿನ ವಡೆ ಕರಿದರೆ, ಚಪಾತಿ ಬೇಯಿಸಿದ ಕಾವಲಿಯಲ್ಲೇ ದೋಸೆ ಹುಯ್ದರೆ ಅವಕ್ಕೂ ಗೋಧಿ ತಗಲುತ್ತದೆ. ಗಿರಣಿಯಲ್ಲಿ ಗೋಧಿಯ ಬೆನ್ನಿಗೇ ರಾಗಿ ಬೀಸಿದರೆ ನಮ್ಮ ಮುದ್ದೆಯ ಹಿಟ್ಟಿಗೂ ಬೆರೆಯುತ್ತದೆ.

'ಗ್ಲುಟೆನ್ ಮುಕ್ತ' ಎಂದು ಬರೆದ ಆಹಾರದ 1 ಕಿಲೋಗ್ರಾಂನಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದೆಂಬುದು ನಮ್ಮ ದೇಶದ ನಿಯಮ. ಎಷ್ಟು ಕಡಿಮೆ ನೋಡಿ! "ಒಂದು ಚೂರು ತಿಂದರೆ ಏನಾಗುತ್ತೆ?" ಎನ್ನುವುದು ತಪ್ಪು. ಆ ದಿನ ನೋವು ಕಾಣಿಸದಿದ್ದರೂ ಒಳಗೆ ಹಾನಿಯಾಗಬಹುದು.

ಕೇಳಬೇಕಾದ ಪ್ರಶ್ನೆಗಳು

ದಕ್ಷಿಣ ಭಾರತದಲ್ಲಿ ಈ ಕಾಯಿಲೆ ಉತ್ತರ ಭಾರತಕ್ಕಿಂತ ಕಡಿಮೆ. ಆದ್ದರಿಂದ ಹೋಟೆಲಿನವರಿಗೆ ಇದರ ಹೆಸರು ತಿಳಿಯದಿರಬಹುದು. ಹೀಗೆ ಕೇಳಬಹುದು:

1. ಅಣ್ಣಾ, ಇದಕ್ಕೆ ಗೋಧಿ, ಮೈದಾ, ರವೆ ಹಾಕಿದ್ದೀರಾ?
2. ಇಂಗು ಹಾಕಿದ್ದೀರಾ?
3. ಇದೇ ಎಣ್ಣೆಯಲ್ಲಿ ಪೂರಿ ಕರಿದಿದ್ದೀರಾ?
4. ತೊಳೆದ ಸೌಟಿನಲ್ಲಿ ಬಡಿಸುತ್ತೀರಾ?

ಉತ್ತರ ಖಚಿತವಿಲ್ಲದಿದ್ದರೆ ತಿನ್ನದಿರುವುದೇ ಕ್ಷೇಮ. ನಿನ್ನೆ ಕೇಳಿದ್ದರೂ ಇಂದು ಮತ್ತೆ ಕೇಳಬೇಕು. ಅಡುಗೆಯವರು, ಇಂಗಿನ ಡಬ್ಬಿ ಬದಲಾಗಿರಬಹುದು. ಮನೆಯಿಂದ ಬುತ್ತಿ ಒಯ್ಯುವುದು ಇನ್ನೂ ಒಳ್ಳೆಯದು.

ನೆನಪಿಡಿ: ಹೊಟ್ಟೆನೋವು ಬಂತೆಂದು ನೀವಾಗಿಯೇ ಗೋಧಿ ಬಿಡಬೇಡಿ. ಮೊದಲೇ ಬಿಟ್ಟರೆ ರಕ್ತಪರೀಕ್ಷೆಯಲ್ಲಿ ಕಾಯಿಲೆ ಗೊತ್ತಾಗದೆ ಹೋಗಬಹುದು. ವೈದ್ಯರನ್ನು ಕಾಣಿ.

ಇನ್ನು ಪ್ರವಾಸದಲ್ಲಿ ಗೆಳತಿಯನ್ನು ಒತ್ತಾಯಿಸಬೇಡಿ, ನಗಬೇಡಿ. ಅವಳು ಕೇಳಲು ನಾಚಿಕೊಂಡರೆ ನೀವೇ ಅವಳ ಪರವಾಗಿ ಕೇಳಿ.

ಯೋಚಿಸಿ ಉತ್ತರಿಸಿ: ಕೇಸರಿಬಾತ್, ಅಕ್ಕಿ ರೊಟ್ಟಿ, ಮದ್ದೂರು ವಡೆ, ರಾಗಿ ಮುದ್ದೆ. ಇವುಗಳಲ್ಲಿ ಅವಳು ಯಾವುದನ್ನು ತಿನ್ನಲೇಬಾರದು? ಯಾವುದನ್ನು ವಿಚಾರಿಸಿ ತಿನ್ನಬಹುದು?