ಬೀಗದ ಕೈ ಗೊಂಚಲು

ನಾನು ಕಂದಾಯ ಅಧಿಕಾರಿಯಾಗಿದ್ದ ಒಂದು ಪುರಸಭೆಗೆ ಒಮ್ಮೆ ಇಡೀ ಒಂದು ಬಡಾವಣೆಯೇ ಹಸ್ತಾಂತರವಾಗಿ ಬಂತು. ಬಾಗಿಲು ಮುಚ್ಚಿದ ಒಂದು ಸರ್ಕಾರಿ ಉದ್ದಿಮೆಯ ಕ್ವಾರ್ಟರ್ಸ್ ಅದು. ಸುತ್ತ ಎಂಟಡಿ ಕಾಂಪೌಂಡು, ಒಳಗೆ ರಸ್ತೆ, ಓವರ್‌ಹೆಡ್ ಟ್ಯಾಂಕು, ಆಸ್ಪತ್ರೆ ಕಟ್ಟಡ, ಆಟದ ಮೈದಾನ. ಶಾಲು, ಹಾರ, ಕಾಫಿ ಎಲ್ಲ ಆಯಿತು. ಕೊನೆಗೆ ಕಬ್ಬಿಣದ ಬಳೆಗೆ ಪೋಣಿಸಿದ ಬೀಗದ ಕೈ ಗೊಂಚಲನ್ನು ನಮ್ಮ ಮುಖ್ಯಾಧಿಕಾರಿಗಳ ಕೈಗೆ ಕೊಟ್ಟರು. ಸಂಜೆ ಕೂತು ಎಣಿಸಿದೆ: 61. ಯಾವುದಕ್ಕೂ ಚೀಟಿ ಇರಲಿಲ್ಲ. ಪಂಪ್ ಹೌಸಿನ ಕೈ ಅದರಲ್ಲಿ ಇರಲೇ ಇಲ್ಲ.

ನಿವೃತ್ತನಾಗಿ ಅತ್ತಿಬೆಲೆಯಲ್ಲಿ ಮನೆ ಮಾಡಿಕೊಂಡ ಮೇಲೂ ಆ ಗೊಂಚಲು ನೆನಪಾಗುತ್ತಿರುತ್ತದೆ. ಬೆಳಗಾವಿಯ ಕ್ಯಾಂಪ್ ಪ್ರದೇಶವನ್ನು, ಅಂದರೆ ಸೈನ್ಯದ ಕಂಟೋನ್ಮೆಂಟಿನ ನಾಗರಿಕ ಭಾಗವನ್ನು, ಮಹಾನಗರ ಪಾಲಿಕೆಗೆ ಸೇರಿಸುವ ಸುದ್ದಿ ಪತ್ರಿಕೆಯಲ್ಲಿ ಬಂದಾಗಲಂತೂ ತಪ್ಪದೆ ನೆನಪಾಗುತ್ತದೆ. ಕರ್ನಾಟಕದಲ್ಲಿ ಉಳಿದಿರುವ ಒಂದೇ ಕಂಟೋನ್ಮೆಂಟ್ ಬೋರ್ಡ್ ಬೆಳಗಾವಿಯದು. ದೇಶದ ಕಂಟೋನ್ಮೆಂಟುಗಳ ನಾಗರಿಕ ಪ್ರದೇಶಗಳನ್ನು ಬೇರ್ಪಡಿಸಿ ಪಕ್ಕದ ಊರಾಡಳಿತಕ್ಕೆ ಕೊಡುವುದು ಈಗ ರಕ್ಷಣಾ ಸಚಿವಾಲಯದ ನೀತಿ. 2023ರ ಏಪ್ರಿಲ್‌ನಲ್ಲಿ ಹಿಮಾಚಲದ ಖಾಸ್ ಯೋಲ್‌ನಿಂದ ಅದು ಶುರುವಾಯಿತು. ಸೈನ್ಯದ ನೆಲದ ಕಡತ ನನ್ನ ಮೇಜಿಗೆ ಎಂದೂ ಬಂದದ್ದಲ್ಲ. ಆದರೆ ಗೋಡೆಯೊಳಗಿನ ಊರು ಗೋಡೆಯಾಚೆಯ ಪುರಸಭೆಗೆ ಬಂದಾಗ ಏನೇನು ತಪ್ಪುತ್ತದೆ ಎಂಬುದು ಗೊತ್ತು. ಕಲಿತದ್ದನ್ನು ಬರೆದಿಡುತ್ತೇನೆ.

1. ಮೊದಲು ನೀರುಗಂಟಿಯನ್ನು ಕೇಳಿ

ಹಸ್ತಾಂತರ ಪತ್ರದಲ್ಲಿ "ನೀರು ಸರಬರಾಜು ವ್ಯವಸ್ಥೆ: 1" ಎಂದು ಬರೆದಿತ್ತು. ಒಂದು ಅಂದರೆ ಏನು ಒಂದು? ಇಪ್ಪತ್ತೆರಡು ವರ್ಷ ಅಲ್ಲೇ ವಾಲ್ವ್ ತಿರುಗಿಸಿದ ನೀರುಗಂಟಿ ಒಬ್ಬರಿದ್ದರು. ಉದ್ದಿಮೆ ಮುಚ್ಚಿದಾಗ ಅವರನ್ನೂ ಮನೆಗೆ ಕಳಿಸಿದ್ದರು. ಮೂರು ದಿನ ನೀರು ಬಾರದೆ ಹೆಂಗಸರು ಕೊಡ ಹಿಡಿದು ಪುರಸಭೆ ಮುಂದೆ ಕೂತ ಮೇಲೆ ಹುಡುಕಿಕೊಂಡು ಅವರ ಮನೆಗೆ ಹೋದೆ. "ಈಗ ಬಂದ್ರಾ ಸಾರ್? ಹಾರ ಹಾಕೋ ದಿನ ನಾನೂ ಗೇಟಲ್ಲೇ ನಿಂತಿದ್ದೆ, ಒಳಕ್ಕೆ ಬಿಡಲಿಲ್ಲ" ಅಂದರು. ಮಾರನೆಯ ದಿನ ಬಂದು, ಹುಲ್ಲು ಮುಚ್ಚಿದ್ದ ಹನ್ನೊಂದು ಚೇಂಬರುಗಳನ್ನು ಹಾರೆಯಿಂದ ತಟ್ಟಿ ತಟ್ಟಿ ತೋರಿಸಿದರು. ನಕ್ಷೆಯಲ್ಲಿ ಇದ್ದದ್ದು ನಾಲ್ಕು.

ಅಂದಿನಿಂದ ನನ್ನ ಪದ್ಧತಿ ಇದು. ಹಸ್ತಾಂತರಕ್ಕೆ ಆರು ತಿಂಗಳು ಮೊದಲೇ ಒಳಗಿನ ನೀರುಗಂಟಿ, ಲೈನ್‌ಮ್ಯಾನ್, ಮೇಸ್ತ್ರಿ ಮೂವರ ಜೊತೆ ನಡೆದು ನಕ್ಷೆ ತಿದ್ದಬೇಕು. ಎಂಜಿನಿಯರುಗಳು ಬೇಸರ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

2. ಮಣ್ಣು ಯಾರದು, ಗೋಡೆ ಯಾರದು, ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ

ನಮ್ಮ ಕಡೆ ಖಾತೆ ಅಂದರೆ ನೆಲ ಮತ್ತು ಮನೆ ಒಟ್ಟಿಗೆ. ಸರ್ವೇ ನಂಬರು, ಚೆಕ್ಕುಬಂದಿ, ಅಳತೆ ಸಿಕ್ಕರೆ ಮುಗಿಯಿತು. ಕಂಟೋನ್ಮೆಂಟಿನ ಲೆಕ್ಕವೇ ಬೇರೆ. ಅಲ್ಲಿಯ ಮೂಲ ದಾಖಲೆ ಜನರಲ್ ಲ್ಯಾಂಡ್ ರಿಜಿಸ್ಟರ್. ನೆಲವನ್ನು ಎ, ಬಿ, ಸಿ ಎಂದು ವರ್ಗ ಮಾಡಿರುತ್ತಾರೆ. ಎ ಸೈನ್ಯದ ಬಳಕೆಗೆ. ಸಿ ವರ್ಗದ್ದು ಬೋರ್ಡಿನ ವಶದ್ದು, ರಸ್ತೆ ಮಾರುಕಟ್ಟೆ ಇಂಥವಕ್ಕೆ. ಇಕ್ಕಟ್ಟು ಇರುವುದು ನಡುವಿನ ಬಿ ವರ್ಗದಲ್ಲಿ.

ಈ ವರ್ಗದ ಹಳೆಯ ಬಂಗಲೆಗಳು ಬಹಳಷ್ಟು 'ಓಲ್ಡ್ ಗ್ರಾಂಟ್' ಷರತ್ತಿನವು. ಅದರ ಬೇರು 1836ರ ಗವರ್ನರ್ ಜನರಲ್ ಆದೇಶ ಸಂಖ್ಯೆ 179ರಲ್ಲಿದೆ. ಕಟ್ಟಡ ನಿನ್ನದು, ನೆಲ ಸರ್ಕಾರದ್ದು. ಒಂದು ತಿಂಗಳ ನೋಟಿಸು ಕೊಟ್ಟು, ಕಟ್ಟಡದ ಬೆಲೆ ಕೊಟ್ಟು ನೆಲವನ್ನು ವಾಪಸ್ ಪಡೆಯಬಹುದು. ಮೂರು ತಲೆಮಾರು ವಾಸವಾಗಿದ್ದರೂ ಮನೆಯವರಿಗೆ ಹೆಂಚು, ಗೋಡೆ, ಕಿಟಕಿ ಬಿಟ್ಟರೆ ಕಾಲಕೆಳಗಿನ ಮಣ್ಣಿನ ಮೇಲೆ ಹಕ್ಕಿಲ್ಲ. ಇಂಥ ಮನೆ ನಾಳೆ ಪಾಲಿಕೆಗೆ ಬಂದಾಗ, ಕೌಂಟರಿನಲ್ಲಿ ಕೂತ ಹುಡುಗ ಅದಕ್ಕೆ ಯಾವ ನಮೂನೆಯಲ್ಲಿ ಖಾತೆ ಕೊಡಬೇಕು? ಗೊತ್ತಾಗದೆ ಮಾಮೂಲಿ ಇ-ಖಾತೆ ಕೊಟ್ಟುಬಿಟ್ಟನೋ, ಕೇಂದ್ರದ ನೆಲವನ್ನು ಖಾಸಗಿಯವರ ಹೆಸರಿಗೆ ಬರೆದಂತೆ. ಕೊಡದೆ ಕೂತನೋ, ಮನೆಯವರಿಗೆ ಸಾಲವೂ ಇಲ್ಲ, ರಿಪೇರಿಗೆ ಲೈಸೆನ್ಸೂ ಇಲ್ಲ.

ಈ ವಿಲೀನಕ್ಕೆಂದೇ 2024ರಲ್ಲಿ ಬಂದ ಮಾರ್ಗಸೂಚಿಯ ಪ್ರಕಾರ ನಾಗರಿಕ ಸೌಲಭ್ಯಕ್ಕೆ ಬಳಕೆಯಾಗುವ ಆಸ್ತಿಗಳು ಉಚಿತವಾಗಿ ಸ್ಥಳೀಯ ಸಂಸ್ಥೆಗೆ ಬರುತ್ತವೆ, ಬೋರ್ಡಿನ ಹೊಣೆ ಬಾಕಿಗಳೂ ಜೊತೆಗೇ ಬರುತ್ತವೆ. ಕೇಂದ್ರದ ಹಕ್ಕು ಇರುವ ಕಡೆ ನೆಲದ ಹಕ್ಕು ಕೇಂದ್ರದ್ದೇ. ಉಚಿತ ಎಂಬ ಪದ ಕಂಡ ಕೂಡಲೇ ಮುಂದಿನ ಸಾಲು ಓದುವುದು ನನ್ನ ಹಳೆಯ ಚಾಳಿ. ಬಾಕಿಯಲ್ಲಿ ಪಿಂಚಣಿ ಇರುತ್ತದೆ, ಕೋರ್ಟು ಕೇಸು ಇರುತ್ತದೆ, ಗುತ್ತಿಗೆದಾರರ ಬಿಲ್ಲು ಇರುತ್ತದೆ.

ಹಾಗಾಗಿ ಮೂರು ಪಟ್ಟಿ ಮಾಡಿ: ನೆಲವೂ ಕಟ್ಟಡವೂ ನಮಗೆ ಬಂದದ್ದು; ಕಟ್ಟಡ ಖಾಸಗಿಯವರದು, ನೆಲ ಕೇಂದ್ರದ್ದು; ಎರಡೂ ನಮ್ಮದಲ್ಲ, ಕಸ ಮಾತ್ರ ನಮ್ಮದು. ಮೂರನೆಯದೇ ಉದ್ದವಾಗಿದ್ದರೆ ಸಹಿ ಹಾಕುವ ಮೊದಲು ಒಂದು ರಾತ್ರಿ ಮಲಗಿ ಎದ್ದು ಯೋಚಿಸಿ.

3. ಬೋರ್ಡ್ ಹೋದರೂ ಗಡಿ ಹೋಗುವುದಿಲ್ಲ

ಇದಕ್ಕೆ ಬೆಂಗಳೂರೇ ಸಾಕ್ಷಿ. ಶ್ರೀರಂಗಪಟ್ಟಣದ ಜ್ವರ ತಾಳಲಾರದೆ ಬ್ರಿಟಿಷರು 1809ರಲ್ಲಿ ಹಲಸೂರಿನ ಕಡೆ ದಂಡು ಕಟ್ಟಿದರು. 1862ರಿಂದ ಪೇಟೆಗೊಂದು, ದಂಡಿಗೊಂದು ಎರಡು ಮುನಿಸಿಪಾಲಿಟಿ ನಡೆದವು. 1947ರ ಜುಲೈ 26ರಂದು ದಂಡು, ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಮೈಸೂರು ಸಂಸ್ಥಾನಕ್ಕೆ ವಾಪಸಾಯಿತು. 1949ರಲ್ಲಿ ಎರಡನ್ನೂ ಕೂಡಿಸಿ ಕಾರ್ಪೊರೇಷನ್ ಮಾಡಿದರು. ಕಾಗದದ ಮೇಲೆ ಒಂದೇ ಊರು. ಆದರೆ ಎಂ.ಜಿ. ರಸ್ತೆಯ ಪರೇಡ್ ಮೈದಾನ ಇವತ್ತಿಗೂ ಸೈನ್ಯದ್ದೇ. ಈಜಿಪುರ, ಅಗರಂ ಕಡೆ ಒಂದು ರಸ್ತೆ ಅಗಲ ಮಾಡಬೇಕೆಂದರೆ ರಕ್ಷಣಾ ಇಲಾಖೆಯ ಒಪ್ಪಿಗೆಗೆ ವರ್ಷಗಟ್ಟಲೆ ಕಾಯಬೇಕು. ಬಿಟ್ಟುಕೊಟ್ಟ ನೆಲಕ್ಕೆ ಸಮಾನ ಬೆಲೆಯ ನೆಲವನ್ನೋ ಕಟ್ಟಡವನ್ನೋ ಕೊಡಬೇಕು. ಸೈನ್ಯ ಕೇಳುವುದರಲ್ಲಿ ತಪ್ಪಿಲ್ಲ, ಅವರ ನೆಲ. ಆದರೆ ಮುಂದಿನ ಐವತ್ತು ವರ್ಷಕ್ಕೆ ಎಲ್ಲೆಲ್ಲಿ ರಸ್ತೆ ಬೇಕು ಎಂಬ ಮಾತುಕತೆ ವಿಲೀನದ ಮೇಜಿನ ಮೇಲೇ ಆದರೆ ಅಗ್ಗ. ಆಮೇಲೆ ಪ್ರತಿ ಗುಂಟೆಗೂ ಒಂದು ಕಡತ.

ಅತ್ತಿಬೆಲೆಯ ಗಡಿ ದಾಟಿ ಹೊಸೂರಿಗೆ ಹೋದರೆ ಮತ್ತಿಗಿರಿಯಲ್ಲಿ ಇನ್ನೊಂದು ನಮೂನೆ ಇದೆ. 1824ರಲ್ಲಿ ಸೈನ್ಯಕ್ಕೆ ಕುದುರೆ ಸಾಕಲು ತೆರೆದ ಜಾಗ ಇಂದು ತಮಿಳುನಾಡು ಸರ್ಕಾರದ ಜಾನುವಾರು ಕ್ಷೇತ್ರ, ಸಾವಿರದ ಆರುನೂರು ಎಕರೆಗೂ ಮಿಕ್ಕಿ. ಸುತ್ತ ಕಾರ್ಖಾನೆ, ಅಪಾರ್ಟ್‌ಮೆಂಟ್ ಒತ್ತಿಕೊಂಡು ಬಂದಿದ್ದರೂ ಅಷ್ಟು ಹಸಿರು ಉಳಿದದ್ದು ಒಬ್ಬ ಯಜಮಾನನಿಂದ ಇನ್ನೊಬ್ಬ ಯಜಮಾನನಿಗೆ ಇಡಿಯಾಗಿ ಹೋದದ್ದರಿಂದ ಎಂದು ನನಗನ್ನಿಸುತ್ತದೆ. ಸೈಟು ಸೈಟಾಗಿ ಹೋಗಿದ್ದರೆ ಇಷ್ಟು ಹೊತ್ತಿಗೆ ಅಲ್ಲೂ ಪಿ.ಜಿ. ಬೋರ್ಡುಗಳು ತೂಗುತ್ತಿದ್ದವು.

4. ತೆರಿಗೆ ಇಲ್ಲ ಎಂದರೆ ದುಡ್ಡೇ ಇಲ್ಲ ಎಂದಲ್ಲ

ಕೇಂದ್ರದ ಆಸ್ತಿಗೆ ಸ್ಥಳೀಯ ತೆರಿಗೆ ಹಾಕುವಂತಿಲ್ಲ, ಸಂವಿಧಾನದ 285ನೇ ವಿಧಿ. ಬಿಲ್ ಕಲೆಕ್ಟರುಗಳು ಇಷ್ಟಕ್ಕೇ ಕೈಬಿಡುತ್ತಾರೆ. ಆದರೆ ಸೇವಾ ಶುಲ್ಕ ಕೇಳಬಹುದು. ರಾಜಕೋಟ್ ಪಾಲಿಕೆಯ ಪ್ರಕರಣದಲ್ಲಿ, 2009ರಲ್ಲಿ, ಸುಪ್ರೀಂ ಕೋರ್ಟಿನ ಮುಂದೆ ಕೇಂದ್ರ ಒಪ್ಪಿದ ಲೆಕ್ಕ ಸರಳ: ಎಲ್ಲ ಸೌಲಭ್ಯ ಪಡೆದರೆ ಖಾಸಗಿಯವರು ಕಟ್ಟುವ ಆಸ್ತಿ ತೆರಿಗೆಯ ಶೇ. 75, ಭಾಗಶಃ ಪಡೆದರೆ ಶೇ. 50, ಏನೂ ಪಡೆಯದಿದ್ದರೂ ಶೇ. 33⅓. ಕೇಳಿದರೆ ತಾನೇ ಕೊಡುವುದು? ನಾನಿದ್ದ ಒಂದು ಊರಿನಲ್ಲಿ ಡಿಮ್ಯಾಂಡ್ ರಿಜಿಸ್ಟರಿನಲ್ಲಿ ಇಂಥ ಆಸ್ತಿಗಳ ಪುಟದ ಮೇಲೆ "ಕೇಂದ್ರ ಸರ್ಕಾರ, ವಿನಾಯಿತಿ" ಎಂದು ಕೆಂಪು ಶಾಯಿಯಲ್ಲಿ ಷರಾ ಇತ್ತು. ಬರೆದವರು ಸತ್ತು ಹದಿನೈದು ವರ್ಷವಾಗಿತ್ತು. ಷರಾ ಇನ್ನೂ ಬದುಕಿತ್ತು. ಹಸ್ತಾಂತರವಾದ ಮೇಲಿನ ಮೊದಲ ಏಪ್ರಿಲ್‌ನಲ್ಲೇ ಬಿಲ್ಲು ಕಳಿಸಿ. ಒಂದು ವರ್ಷ ಬಿಟ್ಟರೆ ಅದೇ ರೂಢಿಯಾಗುತ್ತದೆ.

5. ಚರಂಡಿಗೆ ಕಾಂಪೌಂಡ್ ಗೊತ್ತಿಲ್ಲ

2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ಸುಮಾರು ಐದು ಸಾವಿರ ಸೈನಿಕರು ಬಂದು ಆರಿಸಿದರು. ಕೆರೆಯ ಅಂಚಿನಲ್ಲೇ ಸೈನ್ಯದ ನೆಲವಿದೆ. ಊರಿನ ಕೊಳಚೆ ಅವರ ಬೇಲಿಗೆ ಬೆಂಕಿಯಾಗಿ ಬಂತು. ಕೆಲವು ಕಡೆ ಇದು ತಿರುಗಾಮುರುಗ, ಒಳಗಿನ ಶಿಬಿರದ ನೀರು ಹೊರಗಿನ ರಾಜಕಾಲುವೆಗೆ. ನೀರು ಎಲ್ಲಿ ಹುಟ್ಟುತ್ತದೆ, ಎಲ್ಲಿ ಬೀಳುತ್ತದೆ ಎಂಬುದನ್ನು ಮಳೆಗಾಲದಲ್ಲಿ ನಿಂತು ನೋಡಬೇಕು. ಹಸ್ತಾಂತರದ ಜಂಟಿ ತಪಾಸಣೆಯನ್ನು ಯಾರಾದರೂ ಫೆಬ್ರವರಿಯಲ್ಲಿ ಇಟ್ಟರೆ, ಜುಲೈಗೆ ಮುಂದೂಡಿ ಎಂದು ಬರೆಯಿರಿ.

6. ಮದ್ದಿನ ಮನೆ ಎಲ್ಲಿತ್ತು?

ಸೈನ್ಯವಿದ್ದ ಕಡೆ ಗುರಿ ಅಭ್ಯಾಸದ ಜಾಗ, ಮದ್ದಿನ ಉಗ್ರಾಣ, ಎಣ್ಣೆ ಡಿಪೋ ಇದ್ದೇ ಇರುತ್ತವೆ. ಕ್ಯಾಲಿಫೋರ್ನಿಯಾದ ಫೋರ್ಟ್ ಆರ್ಡ್ ಸೇನಾನೆಲೆ 1994ರಲ್ಲಿ ಮುಚ್ಚಿತು, ಸುಮಾರು 28,000 ಎಕರೆ. ವಿಶ್ವವಿದ್ಯಾಲಯ ಬಂತು, ಮನೆಗಳು ಬಂದವು. ಆದರೆ ಸಿಡಿಯದೆ ಮಣ್ಣಲ್ಲಿ ಉಳಿದ ಮದ್ದುಗುಂಡು ಹುಡುಕುವ ಕೆಲಸ ದಶಕಗಟ್ಟಲೆ ಎಳೆಯಿತು.

ಅತ್ತಿಬೆಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರ ಅಕ್ಟೋಬರ್ 7ರ ಮಧ್ಯಾಹ್ನ ಇಲ್ಲಿಯ ಪಟಾಕಿ ಗೋದಾಮು ಹೊತ್ತಿದಾಗ ಹೆದ್ದಾರಿಯ ಈಚೆಗೂ ಹೊಗೆ ಬಂತು. ಹದಿನಾಲ್ಕಕ್ಕೂ ಹೆಚ್ಚು ಜನ ಹೋದರು, ಬಹಳಷ್ಟು ಮಂದಿ ದೀಪಾವಳಿ ಹಂಗಾಮಿನ ಕೂಲಿಗೆಂದು ಬಂದಿದ್ದ ಹುಡುಗರು. ಹಳೆಯ ನಕ್ಷೆಯಲ್ಲಿ 'ಮ್ಯಾಗಜೀನ್' ಎಂದು ಬರೆದ ಜಾಗ ಕಂಡರೆ, ಲಿಖಿತ ಸುರಕ್ಷಾ ಪತ್ರ ಬರುವವರೆಗೆ ಅಲ್ಲಿ ಪಾರ್ಕಿಗೂ ಗುದ್ದಲಿ ಹಾಕಬೇಡಿ.

7. ಸಭೆಯಲ್ಲಿ ಕೂರುವವರು ಯಾರು ಎಂದು ನೋಡಿ

ಫೋರ್ಟ್ ಆರ್ಡ್‌ನಲ್ಲಿ ಕಾಯ್ದೆ ಮಾಡಿ, ಸುತ್ತಲಿನ ಊರುಗಳ ಚುನಾಯಿತ ಪ್ರತಿನಿಧಿಗಳನ್ನೇ ಸೇರಿಸಿ ಒಂದು ಪ್ರಾಧಿಕಾರ ಕಟ್ಟಿದರು. ಜಗಳಗಳು ಬೇಕಾದಷ್ಟು ನಡೆದವು. 2020ರ ಜೂನ್ 30ಕ್ಕೆ ಅದನ್ನು ವಿಸರ್ಜಿಸಿದರು. ಜಗಳ ಸಾರ್ವಜನಿಕ ಸಭೆಯಲ್ಲಿ ನಡೆಯಿತಲ್ಲ, ಅದು ನನಗೆ ಹಿಡಿಸಿದ ಸಂಗತಿ.

ನಮ್ಮಲ್ಲಿ? ಕಂಟೋನ್ಮೆಂಟ್ ಬೋರ್ಡುಗಳ ಚುನಾಯಿತ ಸದಸ್ಯರ ಅವಧಿ 2021ರ ಫೆಬ್ರವರಿಗೆ ಮುಗಿಯಿತು. 2023ರ ಏಪ್ರಿಲ್ 30ಕ್ಕೆ ಗೊತ್ತುಮಾಡಿದ್ದ ಚುನಾವಣೆ ರದ್ದಾಯಿತು. ಬೋರ್ಡೆಂದರೆ ಸೈನ್ಯದ ಅಧ್ಯಕ್ಷರು, ಮುಖ್ಯ ಕಾರ್ಯನಿರ್ವಾಹಕರು, ನಾಮನಿರ್ದೇಶಿತ ಒಬ್ಬರು. ಬೆಳಗಾವಿಯ ಕ್ಯಾಂಪಿನವರು ಯಾವ ನಗರಕ್ಕೆ, ಯಾವ ಷರತ್ತಿನಲ್ಲಿ ಹೋಗುತ್ತಾರೆ ಎಂಬುದು ತೀರ್ಮಾನವಾಗುವ ಹೊತ್ತಿಗೆ ಅವರು ಓಟು ಹಾಕಿ ಕಳಿಸಿದವರು ಒಬ್ಬರೂ ಆ ಮೇಜಿನಲ್ಲಿಲ್ಲ. ಆಮೇಲೆ ವಾರ್ಡು ವಿಂಗಡಣೆಯಾಗುವವರೆಗೂ ಪಾಲಿಕೆಯಲ್ಲೂ ಅವರ ದನಿ ಇರುವುದಿಲ್ಲ. ಪಂಚಾಯಿತಿ ಪುರಸಭೆಯಾದ ನಮ್ಮಂಥ ಊರುಗಳಿಗೆ ಈ ನಡುವಿನ ಕಾಲ ಹೊಸದಲ್ಲ. ಆಡಳಿತಾಧಿಕಾರಿ ಒಬ್ಬರೇ ಕೂತು ನಡಾವಳಿಗೆ ಸಹಿ ಹಾಕುವ ಕಾಲ ಅದು. ದೊಡ್ಡ ಜಾಗದ ಭೂಬಳಕೆ ಬದಲಾವಣೆ ಆಗಲೇ ಸಲೀಸಾಗಿ ದಾಟಿಬಿಡುತ್ತದೆ. ಆ ನಡಾವಳಿ ಪುಸ್ತಕಗಳನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿ ಓದಿ. ನಾನು ನೌಕರಿಯಲ್ಲಿದ್ದಾಗ ಯಾರೂ ಕೇಳಲಿಲ್ಲ.

8. ಮರ ಎಣಿಸಿ

ಮೊದಲು ಹೇಳಿದ ಕ್ವಾರ್ಟರ್ಸಿನಲ್ಲಿ ಆಸ್ಪತ್ರೆ ಮುಂದೆ ಸಾಲಾಗಿ ಮೂರು ಮಳೆಮರಗಳಿದ್ದವು. ಹಸ್ತಾಂತರ ಪಟ್ಟಿ ಬರೆದವರು ಗೇಟಿನ ಬಳಿ ಕುರ್ಚಿ ಹಾಕಿ ಕೂತು ಬರೆದಿದ್ದರು. ಅಲ್ಲಿಂದ ಕಟ್ಟಡದ ಮರೆಯ ಮೂರನೆಯದು ಕಾಣುವುದಿಲ್ಲ. ಪಟ್ಟಿಯಲ್ಲಿ "ದೊಡ್ಡ ಮರ: 2" ಎಂದಾಯಿತು. ನಾನು ಅಲ್ಲಿಂದ ವರ್ಗವಾಗುವ ಹೊತ್ತಿಗೆ ಎರಡು ಮರ ನಿಂತಿದ್ದವು, ಪಟ್ಟಿಯಲ್ಲಿ ಇದ್ದ ಹಾಗೇ.