ಹಳೆಯ ಪೆಟ್ರೋಲ್ ಜೀಪು: ಕಾರ್ಬುರೇಟರ್ ಇರಲೋ, ಇಂಜೆಕ್ಷನ್ ಹಾಕಿಸಲೋ?



ಕಬ್ಬಿನ ಬಿಲ್ಲು ಕೈಗೆ ಬಂದಾಗ ಮನೆಯ ಮುಂದೆ ನಿಂತ ಹಳೆಯ ಜಿಪ್ಸಿಯೂ ತನ್ನ ಪಾಲು ಕೇಳುತ್ತದೆ. ಬೆಳಿಗ್ಗೆ ಬೇಗ ಚಾಲೂ ಆಗುವುದಿಲ್ಲ, ಬಿಸಿಲಲ್ಲಿ ನಿಂತುಬಿಡುತ್ತದೆ. ಹುಲಜಂತಿ ಸುತ್ತಿನ ಎರೆ ಭೂಮಿಯಲ್ಲಿ ಮಳೆ ಬಿದ್ದ ಮೇಲೆ ನಾಲ್ಕೂ ಗಾಲಿ ಎಳೆಯುವ ಗಾಡಿಯೇ ಬೇಕಾದ್ದರಿಂದ ಅದನ್ನು ಮಾರಲೂ ಮನಸ್ಸಾಗದು. "ಕಾರ್ಬುರೇಟರ್ ಕಿತ್ತು ಇಂಜೆಕ್ಷನ್ ಹಾಕಿಸಿರಿ" ಎನ್ನುವವರ ಮಾತು ಕೇಳಿ ಹಣ ಕೊಡುವ ಮೊದಲು ಇದನ್ನು ಓದಿರಿ. (ಡೀಸೆಲ್ ಜೀಪಿನವರಿಗೆ ಈ ಚಿಂತೆ ಇಲ್ಲ, ಅದಕ್ಕೆ ಕಾರ್ಬುರೇಟರ್ ಇರುವುದೇ ಇಲ್ಲ.)

ಕಾರ್ಬುರೇಟರಿನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯು ಇಕ್ಕಟ್ಟಾದ ಗಂಟಲಿನಲ್ಲಿ ಹಾಯುವಾಗ ಜೆಟ್ ಎಂಬ ಸಣ್ಣ ರಂಧ್ರದಿಂದ ಪೆಟ್ರೋಲನ್ನು ಹೀರುತ್ತದೆ. ಆ ರಂಧ್ರದ ಅಳತೆ ಬದಲಾಗುವುದಿಲ್ಲ. ಇಂಜೆಕ್ಷನ್ನಿನಲ್ಲಿ ವಿದ್ಯುತ್ ಪಂಪು ಸುಮಾರು 3 ಕಿಲೋ ಒತ್ತಡದಿಂದ ಪೆಟ್ರೋಲನ್ನು ದೂಡುತ್ತದೆ. ಎಷ್ಟು ಸಿಡಿಸಬೇಕೆಂಬುದನ್ನು ಕಂಪ್ಯೂಟರ್ ಪೆಟ್ಟಿಗೆ ಕ್ಷಣಕ್ಷಣಕ್ಕೂ ನಿರ್ಧರಿಸುತ್ತದೆ. ಒಡ್ಡು ಹತ್ತಿಳಿಯುವಾಗ ಕಾರ್ಬುರೇಟರಿನ ತೇಲುಗುಂಡು ಓಲಾಡಿ ಎಂಜಿನ್ ತಡವರಿಸುತ್ತದೆ. ಇಂಜೆಕ್ಷನ್ನಿಗೆ ಆ ಕಾಟವಿಲ್ಲ. ಬೇಸಿಗೆಯ ಕಾವಿಗೆ ನಳಿಕೆಯಲ್ಲೇ ಪೆಟ್ರೋಲು ಆವಿಯಾಗಿ ಗಾಡಿ ನಿಲ್ಲುವುದೂ ಒತ್ತಡವಿರುವಲ್ಲಿ ಅಪರೂಪ.

ಈಗ ನಮ್ಮ ಕಬ್ಬಿನ ಮಾತು. 2023ರಿಂದ ಪಂಪುಗಳಿಗೆ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲು ಬರತೊಡಗಿತು. ಒಂದು ಲೀಟರಿನಲ್ಲಿ 200 ಮಿಲಿಲೀಟರ್ ಎಥೆನಾಲ್. ಕಬ್ಬಿನ ರಸದಿಂದಲೂ ಕಾಕಂಬಿಯಿಂದಲೂ ಆಗುವ ಮಾಲು ಅದು. ಅದರಿಂದ ನಮಗೆ ಲಾಭವಿದೆ ನಿಜ. ಆದರೆ ಹಳೆಯ ಕಾರ್ಬುರೇಟರಿಗೆ ಅದು ಒಗ್ಗುವುದಿಲ್ಲವೆಂಬುದನ್ನೂ ಮುಚ್ಚಿಡಬಾರದು. ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥೆನಾಲಿಗೆ 9 ಕಿಲೋ ಸಾಕು. ಅಂದರೆ ಅಷ್ಟೇ ಗಾಳಿಗೆ ಮಿಶ್ರ ಇಂಧನ ಹೆಚ್ಚು ಬೇಕು. ರಂಧ್ರ ಹಳೆಯದೇ ಆದ್ದರಿಂದ ಇಂಧನ ಕಡಿಮೆ ಬಿದ್ದು ಎಂಜಿನ್ ಜಗ್ಗುವುದಿಲ್ಲ. ಆಕ್ಸಿಜನ್ ಸೆನ್ಸರ್ ಇರುವ ಇಂಜೆಕ್ಷನ್ ಮಾತ್ರ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಮೈಲೇಜು ಎರಡರಲ್ಲೂ ಇಳಿಯುತ್ತದೆ. ಎಥೆನಾಲಿಗೆಂದು ತಯಾರಾಗದ ನಾಲ್ಕು ಗಾಲಿಯ ಗಾಡಿಗಳಿಗೆ ಶೇ. 6-7ರಷ್ಟು ಎಂದು ನೀತಿ ಆಯೋಗದ 2021ರ ವರದಿ ಅಂದಾಜು ಮಾಡಿತ್ತು.

ಇಷ್ಟು ಕೇಳಿದ ಮೇಲೆ ಇಂಜೆಕ್ಷನ್ನೇ ವಾಸಿ ಅನ್ನಿಸುವುದು ಸಹಜ. ಹಳೆಯ ಗಾಡಿ ಕೊಳ್ಳುವವರಿಗೆ ಅದು ಸರಿ. 1985ರಿಂದ ಬಂದ ಜಿಪ್ಸಿಗಳೂ 1996ರ ಮೊದಲ ಜಿಪ್ಸಿ ಕಿಂಗ್ ಗಾಡಿಗಳೂ ಕಾರ್ಬುರೇಟರಿನವು. 2000ದಲ್ಲಿ ಕಂಪನಿಯೇ ಇಂಜೆಕ್ಷನ್ ಜೋಡಿಸಿ ಕೊಡತೊಡಗಿತು. ಕೊಳ್ಳುವುದಾದರೆ ಇದನ್ನೇ ನೋಡಿರಿ.

ಇದ್ದ ಗಾಡಿಗೆ ಹೊಸದಾಗಿ ಹಾಕಿಸುವುದು ಬೇರೆ ಮಾತು. ಪಂಪು, ಒತ್ತಡ ತಡೆಯುವ ನಳಿಕೆ, ಹೆಚ್ಚಾದ ಪೆಟ್ರೋಲು ಟ್ಯಾಂಕಿಗೆ ಮರಳುವ ದಾರಿ, ಸೆನ್ಸರುಗಳು, ವೈರಿಂಗ್, ಗಟ್ಟಿಯಾದ ಬ್ಯಾಟರಿ ಎಲ್ಲವೂ ಬೇಕು. ಒಂದು ವೈರು ತುಕ್ಕು ಹಿಡಿದರೂ ಗಾಡಿ ಹೊಲದಲ್ಲೇ ನಿಂತೀತು. ರಾತ್ರಿ ರೋಗಿಯನ್ನು ಕರೆದೊಯ್ಯುವಾಗ ಹಾಗಾದರೆ ಕಂಪ್ಯೂಟರ್ ನೋಡುವ ಮಿಸ್ತ್ರಿ ಎಲ್ಲಿ ಸಿಕ್ಕಾನು? ಕಾರ್ಬುರೇಟರನ್ನು ಬಲ್ಲವನು ದಾರಿಯಲ್ಲೇ ಬಿಚ್ಚಿ ಊದಿ ಜೋಡಿಸುತ್ತಾನೆ. ಎಂಜಿನ್ನನ್ನೇ ಬದಲಿಸುವ ವಿಚಾರವಿದ್ದರೆ ಆರ್.ಟಿ.ಓ. ಅನುಮತಿ ಮೊದಲು, ಕೆಲಸ ಆಮೇಲೆ.

ಆದ್ದರಿಂದ ಕಾರ್ಬುರೇಟರನ್ನೇ ಉಳಿಸಿ ಸ್ವಲ್ಪ ಹಣ ಹೀಗೆ ಹಾಕಿರಿ. ಎಥೆನಾಲಿಗೆ ಹಳೆಯ ರಬ್ಬರು ಉಬ್ಬಿ ಬಿರಿಯುತ್ತದೆ. ಆದುದರಿಂದ ನಳಿಕೆ, ಪಂಪಿನ ಡಯಾಫ್ರಾಮ್, ಗ್ಯಾಸ್ಕೆಟ್ಟುಗಳನ್ನು ಎಥೆನಾಲ್ ತಡೆಯುವ ಜಾತಿಯವೇ ಕೇಳಿ ಹಾಕಿಸಿರಿ. ಟ್ಯಾಂಕಿನ ಹಳೆಯ ತುಕ್ಕನ್ನೂ ಅದು ಸಡಿಲಿಸಿ ಜೆಟ್ಟಿಗೆ ತರುತ್ತದೆ. ಟ್ಯಾಂಕು ತೊಳೆಸಿ ಫಿಲ್ಟರ್ ಬದಲಿಸತಕ್ಕದ್ದು. ಎಂಜಿನ್ ಜಗ್ಗದಿದ್ದರೆ ಒಂದು ಅಳತೆ ದೊಡ್ಡ ಜೆಟ್ ಹಾಕಿ, ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಲು ಮಿಸ್ತ್ರಿಗೆ ಹೇಳಿರಿ. ಪ್ಲಗ್ಗು ಬಿಳಿಚಿದ್ದರೆ ಇಂಧನ ಇನ್ನೂ ಕಡಿಮೆ, ಕಪ್ಪಾಗಿದ್ದರೆ ಹೆಚ್ಚು, ತಿಳಿಕಂದು ಇದ್ದರೆ ಸರಿ.

ಎಥೆನಾಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗುವುದುಂಟು. ಮಳೆಗಾಲದಲ್ಲಿ ಜೀಪು ನಿಲ್ಲಿಸುವವರು ಕಾರ್ಬುರೇಟರಿನ ಬಟ್ಟಲನ್ನು ಬರಿದು ಮಾಡಿ ನಿಲ್ಲಿಸಿರಿ.