ದೇಹದ ಬಿಸಿ ಮತ್ತು ಥೈರಾಯ್ಡ್ ಗ್ರಂಥಿ: ಒಂದು ಆರೋಗ್ಯ ಪಾಠ

ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದ್ದಾರೆ. ಹಳೆಯ ನೆನಪುಗಳನ್ನು ಬರೆಯುವವರು ಹಲವರಿದ್ದಾರೆ. ಜೀವಮಾನವಿಡೀ ಪಾಠ ಮಾಡಿದ ನಾನು ಇನ್ನೊಂದು ಪಾಠವನ್ನೇ ಒಪ್ಪಿಸುತ್ತೇನೆ. ನಾನು ವೈದ್ಯನಲ್ಲ, ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಓದಿ ಅಧ್ಯಾಪಕನಾದವನು. ಆದರೆ ಒಂಬತ್ತು ವರ್ಷಗಳಿಂದ ಥೈರಾಯ್ಡ್ ಗ್ರಂಥಿಯ ದೌರ್ಬಲ್ಯದೊಡನೆ ಬಾಳುತ್ತಿರುವುದರಿಂದ, ವೈದ್ಯರಿಂದ ಕೇಳಿ, ಓದಿ ತಿಳಿದುಕೊಂಡುದನ್ನು ಊರವರ ಮುಂದಿಡುವುದು ಉಪಯುಕ್ತವೆಂದು ಭಾವಿಸಿದ್ದೇನೆ.

ದೇಹದ ಉಷ್ಣತೆ

ಆರೋಗ್ಯವಂತನ ದೇಹದ ಉಷ್ಣತೆ 98.6 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 37 ಡಿಗ್ರಿ ಸೆಲ್ಸಿಯಸ್ ಎಂದು ನಾವೆಲ್ಲ ಕಲಿತಿದ್ದೇವೆ. ಈ ಅಂಕಿಯನ್ನು ಪ್ರಚಾರಕ್ಕೆ ತಂದವರು ಜರ್ಮನಿಯ ವೈದ್ಯ ವುಂಡರ್ಲಿಖ್. ಅವರ ಗ್ರಂಥವು 1868ರಲ್ಲಿ ಪ್ರಕಟವಾಯಿತು. ವಾಸ್ತವದಲ್ಲಿ ಇದು ಕಲ್ಲಿನಲ್ಲಿ ಕೆತ್ತಿದ ಅಂಕಿಯಲ್ಲ. ಬೆಳಗಿನ ಜಾವದಲ್ಲಿ ಉಷ್ಣತೆ ಕಡಿಮೆ, ಸಂಜೆಗೆ ಹೆಚ್ಚು. ಬಾಯಿಗಿಂತ ಕಂಕುಳಲ್ಲಿ ಕಡಿಮೆ. ಯುವಕರಿಗಿಂತ ವೃದ್ಧರಲ್ಲಿ ಕಡಿಮೆ. ಆದುದರಿಂದ ಥರ್ಮಾಮೀಟರಿನಲ್ಲಿ 97 ಕಂಡಮಾತ್ರಕ್ಕೆ ರೋಗವೆಂದು ಗಾಬರಿಯಾಗಬೇಕಾಗಿಲ್ಲ. 95 ಡಿಗ್ರಿಗಿಂತ ಕೆಳಗಿಳಿದರೆ ಮಾತ್ರ ಅದು ಅಪಾಯದ ಸೂಚನೆ.

ಗ್ರಂಥಿಯ ಕೆಲಸ

ಕೊರಳಿನ ಮುಂಭಾಗದಲ್ಲಿ, ಶ್ವಾಸನಾಳವನ್ನು ಅಪ್ಪಿಕೊಂಡು, ಚಿಟ್ಟೆಯ ಆಕಾರದಲ್ಲಿರುವ ನಿರ್ನಾಳ ಗ್ರಂಥಿಯೇ ಥೈರಾಯ್ಡ್. ಇದು ಆಹಾರದಲ್ಲಿರುವ ಅಯೋಡಿನ್ನನ್ನು ಹೀರಿಕೊಂಡು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸಿ ರಕ್ತಕ್ಕೆ ಸೇರಿಸುತ್ತದೆ. ಜೀವಕೋಶಗಳು ಆಹಾರವನ್ನು ಯಾವ ವೇಗದಲ್ಲಿ ಉರಿಸಬೇಕೆಂಬುದನ್ನು ನಿರ್ಧರಿಸುವುದು ಈ ಹಾರ್ಮೋನು. ಆ ಉರಿಯಿಂದಲೇ ದೇಹಕ್ಕೆ ಬಿಸಿ. ಒಲೆಗೆ ಗಾಳಿ ಸಾಲದಿದ್ದರೆ ಸೌದೆಯಿದ್ದರೂ ಬೆಂಕಿ ಮಂಕಾಗುವಂತೆ, ಥೈರಾಕ್ಸಿನ್ ಸಾಲದಿದ್ದರೆ ಉಂಡ ಅನ್ನವಿದ್ದರೂ ದೇಹ ತಣ್ಣಗಾಗುತ್ತದೆ.

ಈ ಗ್ರಂಥಿಯ ಮೇಲ್ವಿಚಾರಕ ಮಿದುಳಿನ ತಳದಲ್ಲಿರುವ ಪಿಟ್ಯುಟರಿ. ಥೈರಾಕ್ಸಿನ್ ಕಡಿಮೆಯಾದೊಡನೆ ಅದು ಟಿ.ಎಸ್.ಎಚ್. ಎಂಬ ಇನ್ನೊಂದು ಹಾರ್ಮೋನನ್ನು ಹೆಚ್ಚು ಹೆಚ್ಚಾಗಿ ಕಳುಹಿಸಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಕೆಲಸ ಮಾಡದ ಹುಡುಗನಿಗೆ ಮೇಷ್ಟ್ರು ಸ್ವರವೇರಿಸಿದಂತೆ! ಹೀಗಾಗಿ ರಕ್ತದಲ್ಲಿ ಟಿ.ಎಸ್.ಎಚ್. ಏರಿದ್ದರೆ, ಸಾಮಾನ್ಯವಾಗಿ ಥೈರಾಯ್ಡ್ ಸೋತಿದೆಯೆಂದು ಅರ್ಥ. ರೋಗನಿರ್ಣಯಕ್ಕೆ ಆಧಾರ ಈ ರಕ್ತಪರೀಕ್ಷೆಯೇ ಹೊರತು ಥರ್ಮಾಮೀಟರಲ್ಲ. ಉಷ್ಣತೆ ಕಡಿಮೆಯಾಗಲು ಮುಪ್ಪು, ಪೋಷಣೆಯ ಕೊರತೆ, ಕೆಲವು ಔಷಧಿಗಳು, ವೃದ್ಧರಲ್ಲಿ ತೀವ್ರ ಸೋಂಕು ಮುಂತಾದ ಬೇರೆ ಕಾರಣಗಳೂ ಇವೆ.

ಲಕ್ಷಣಗಳು

ಮೇ ತಿಂಗಳ ಸೆಕೆಯಲ್ಲಿ ಎಲ್ಲರೂ ಬೀಸಣಿಗೆ ಹುಡುಕುವಾಗ ನನಗೆ ಶಾಲು ಬೇಕೆನಿಸುತ್ತಿತ್ತು. ಕೈಕಾಲು ತಣ್ಣಗೆ, ಚರ್ಮ ಒಣಗಲು, ಮಲಬದ್ಧತೆ, ಗೊಗ್ಗರು ಸ್ವರ, ಊದಿದ ಮುಖ, ನಿಧಾನವಾದ ನಾಡಿ, ಮರೆವು, ಎಷ್ಟು ಮಲಗಿದರೂ ತೀರದ ಆಯಾಸ: ಇವೆಲ್ಲ ಒಂದೊಂದಾಗಿ ಬಂದವು. ವಯಸ್ಸಾಯಿತು ಎಂದರು ಮನೆಯವರು. ವಯಸ್ಸಾದವರಲ್ಲಿ ಈ ರೋಗವು ಮುಪ್ಪಿನ ವೇಷದಲ್ಲಿಯೇ ಬರುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹಲವು ಪಾಲು ಹೆಚ್ಚು. ಅವರಲ್ಲಿ ತೂಕ ಏರುವುದು, ಮುಟ್ಟಿನ ಏರುಪೇರು, ಬೇಸರ ಕಾಣಿಸಿಕೊಳ್ಳಬಹುದು. ಅವರನ್ನು ಆಲಸಿಗಳೆಂದು ಹಳಿಯುವ ಮನೆಗಳಿವೆ. ಇದು ಆಲಸ್ಯವಲ್ಲ, ಅಳೆದು ತಿಳಿಯಬಹುದಾದ ಒಂದು ಕೊರತೆ.

ಚಿಕಿತ್ಸೆಯ ಚರಿತ್ರೆ

1891ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ನಗರದ ವೈದ್ಯ ಜಾರ್ಜ್ ಮರ್ರೆ, ಈ ರೋಗದಿಂದ ಬಳಲುತ್ತಿದ್ದ 46 ವರ್ಷದ ಮಹಿಳೆಯೊಬ್ಬಳಿಗೆ ಕುರಿಯ ಥೈರಾಯ್ಡ್ ಗ್ರಂಥಿಯ ಸಾರವನ್ನು ಚುಚ್ಚಿದರು. ಆಕೆ ಚೇತರಿಸಿಕೊಂಡು ಇನ್ನೂ 28 ವರ್ಷ ಬದುಕಿದಳು. 1914ರಲ್ಲಿ ಅಮೆರಿಕದ ಕೆಂಡಲ್ ಥೈರಾಕ್ಸಿನ್ನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. 1926ರಲ್ಲಿ ಹ್ಯಾರಿಂಗ್ಟನ್ ಅದರ ರಾಸಾಯನಿಕ ರಚನೆಯನ್ನು ತಿಳಿಸಿದರು. ನೂರಾರು ಕುರಿಗಳ ಗ್ರಂಥಿ ಬೇಕಾಗಿದ್ದ ಚಿಕಿತ್ಸೆ ಈಗ ಒಂದು ಸಣ್ಣ ಮಾತ್ರೆಯಲ್ಲಿದೆ. ಮಾತ್ರೆಯ ತೂಕವನ್ನು ಮೈಕ್ರೋಗ್ರಾಂನಲ್ಲಿ ಹೇಳುತ್ತಾರೆ. ಹತ್ತು ಲಕ್ಷ ಮೈಕ್ರೋಗ್ರಾಂ ಸೇರಿದರೆ ಒಂದು ಗ್ರಾಂ. ದಿನಕ್ಕೆ 100 ಮೈಕ್ರೋಗ್ರಾಂ ಸೇವಿಸುವವರಿಗೆ ಒಂದೇ ಒಂದು ಗ್ರಾಂ ಔಷಧಿ 10,000 ದಿನ, ಅಂದರೆ 27 ವರ್ಷಕ್ಕೂ ಮೇಲೆ ಸಾಕು. ಇಷ್ಟು ಅಲ್ಪ ವಸ್ತುವಿನ ಮೇಲೆ ದೇಹದ ಬಿಸಿ ನಿಂತಿದೆ!

ಮಾತ್ರೆ ಸೇವಿಸುವ ಕ್ರಮ

ಬೆಳಗ್ಗೆ ಎದ್ದೊಡನೆ ಬರಿಹೊಟ್ಟೆಯಲ್ಲಿ, ಬರೇ ನೀರಿನೊಡನೆ ಸೇವಿಸಿ, ಅರ್ಧದಿಂದ ಒಂದು ಗಂಟೆಯ ತನಕ ಕಾಫಿ, ಚಹಾ, ತಿಂಡಿ ಮುಟ್ಟಬಾರದು. ಕಬ್ಬಿಣ ಮತ್ತು ಸುಣ್ಣದ ಅಂಶದ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರವಿರಲಿ. ಈ ಔಷಧಿಯ ಪರಿಣಾಮ ಪೂರ್ಣವಾಗಿ ಕಾಣಲು ವಾರಗಳೇ ಬೇಕು. ಆದುದರಿಂದ ಪ್ರಮಾಣ ಬದಲಾಯಿಸಿದ ಆರರಿಂದ ಎಂಟು ವಾರಗಳ ಬಳಿಕ ಮತ್ತೆ ರಕ್ತಪರೀಕ್ಷೆ. ವೃದ್ಧರಿಗೂ ಹೃದ್ರೋಗಿಗಳಿಗೂ ಅಲ್ಪ ಪ್ರಮಾಣದಿಂದ ಆರಂಭಿಸುತ್ತಾರೆ. ಅವಸರದಿಂದ ಹೆಚ್ಚಿಸಿದರೆ ಎದೆಗೆ ತೊಂದರೆ. ಗರ್ಭಿಣಿಯರಿಗೆ ಪ್ರಮಾಣ ಹೆಚ್ಚು ಬೇಕಾಗುವುದರಿಂದ ಅವರು ಕೂಡಲೇ ವೈದ್ಯರಿಗೆ ತಿಳಿಸಬೇಕು.

ಮುಖ್ಯವಾದ ಮಾತೊಂದಿದೆ. ಗುಣವಾಯಿತೆಂದು ಮಾತ್ರೆ ಬಿಡುವವರು ನಮ್ಮಲ್ಲಿ ಬಹಳ. ಗುಣ ಕಂಡದ್ದು ಮಾತ್ರೆಯಿಂದ. ಗ್ರಂಥಿ ಸಾಮಾನ್ಯವಾಗಿ ಹಾಗೆಯೇ ಇದೆ. ವೈದ್ಯರು ಹೇಳದೆ ಬಿಡಬಾರದು. ಚಿಕಿತ್ಸೆಯಿಲ್ಲದೆ ವರ್ಷಗಳು ಕಳೆದ ವೃದ್ಧರಲ್ಲಿ ಮೈ ಮಂಜಿನಂತೆ ತಣ್ಣಗಾಗಿ, ಉಸಿರು ನಿಧಾನವಾಗಿ, ಎಚ್ಚರ ತಪ್ಪುವುದುಂಟು. ಆಗ ಕಂಬಳಿ ಹೊದೆಸಿ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಬಿಸಿನೀರಿನ ಚೀಲವಿಟ್ಟು ಅವಸರದಿಂದ ಕಾಯಿಸುವುದು ಅಪಾಯಕರ.

ನಮ್ಮೂರಿನ ಪ್ರಶ್ನೆಗಳು

ಅಯೋಡಿನ್ ಕೊರತೆಯಿಂದ ಗಳಗಂಡ ಬರುವುದನ್ನು ತಡೆಯಲು ಭಾರತ ಸರಕಾರವು 1962ರಲ್ಲಿ ಕಾರ್ಯಕ್ರಮವನ್ನಾರಂಭಿಸಿತು. ಅಯೋಡಿನ್ ಬೆರೆಸಿದ ಉಪ್ಪನ್ನು ಒಲೆಯ ಬಳಿ ತೆರೆದಿಡದೆ ಮುಚ್ಚಿದ ಭರಣಿಯಲ್ಲಿಡಬೇಕು. ಆದರೆ ಉಪ್ಪು ತಿಂದ ಮಾತ್ರಕ್ಕೆ ಈ ರೋಗ ಬಾರದೆಂದಿಲ್ಲ. ಉಪ್ಪಿನಲ್ಲಿ ಅಯೋಡಿನ್ ಸಾಕಷ್ಟಿರುವ ಕಡೆಗಳಲ್ಲಿ ಇದಕ್ಕೆ ಮುಖ್ಯ ಕಾರಣ, ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಗ್ರಂಥಿಯನ್ನು ಶತ್ರುವೆಂದು ಭ್ರಮಿಸಿ ನಾಶಮಾಡುವುದು. ಇದನ್ನು 1912ರಲ್ಲಿ ಜಪಾನಿನ ಹಾಶಿಮೊಟೊ ವಿವರಿಸಿದರು. ಮರಗೆಣಸನ್ನು ಚೆನ್ನಾಗಿ ಬೇಯಿಸಿ ನೀರು ಬಸಿದು, ಮಿತವಾಗಿ ತಿನ್ನಲು ಅಡ್ಡಿಯಿಲ್ಲ.

ಇನ್ನೊಂದು ವಿಷಯವನ್ನು ನೋವಿನಿಂದ ಬರೆಯುತ್ತೇನೆ. ಕುಂಬ್ಡಾಜೆಯು ಎಂಡೋಸಲ್ಫಾನ್ ಬಾಧಿತ ಪಂಚಾಯತುಗಳಲ್ಲೊಂದು. ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ವಿಷದ ಸಂಕಟವನ್ನು ಈ ನೆಲದ ಮನೆಗಳು ಇಂದಿಗೂ ಉಣ್ಣುತ್ತಿವೆ. ಹೀಗಾಗಿ ಮಗುವಿನ ಬೆಳವಣಿಗೆ ಕುಂಠಿತವಾದರೆ ಅದನ್ನೂ ಆ ಲೆಕ್ಕಕ್ಕೇ ಬರೆದು, ಇನ್ನೇನೂ ಮಾಡುವಂತಿಲ್ಲವೆಂದು ತಂದೆತಾಯಿ ಕೈಚೆಲ್ಲುವ ಸಂಭವವಿದೆ. ಆದರೆ ಹುಟ್ಟಿನಿಂದಲೇ ಥೈರಾಯ್ಡ್ ಕೆಲಸ ಮಾಡದ ಶಿಶುಗಳು ಎಲ್ಲ ಊರುಗಳಲ್ಲಿಯೂ ಇವೆ. ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿಯ ಹನಿ ರಕ್ತದಿಂದ ಇದನ್ನು ಪತ್ತೆಹಚ್ಚಬಹುದು. ಕೇರಳದ ಸರಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಇದಕ್ಕೆ ವ್ಯವಸ್ಥೆಯೂ ಇದೆ. ಎರಡು ವಾರದೊಳಗೆ ಚಿಕಿತ್ಸೆ ಆರಂಭಿಸಿದರೆ ಬುದ್ಧಿ ಸಹಜವಾಗಿ ಬೆಳೆಯುತ್ತದೆ; ತಡವಾದರೆ ಕಳೆದುಹೋದುದು ಪೂರ್ಣವಾಗಿ ಮರಳದು. ಕಾರಣದ ಚರ್ಚೆಗಾಗಿ ಪರೀಕ್ಷೆ ಕಾಯಬಾರದು.

ಅಧ್ಯಾಪಕ ಮಿತ್ರರಲ್ಲಿಯೂ ನನ್ನದೊಂದು ವಿನಂತಿ. ಚೆನ್ನಾಗಿ ಕಲಿಯುತ್ತಿದ್ದ ಮಗು ಮಂಕಾಗಿ, ಎತ್ತರ ಬೆಳೆಯದೆ, ತರಗತಿಯಲ್ಲಿ ತೂಕಡಿಸತೊಡಗಿದರೆ, ಬೆತ್ತಕ್ಕಿಂತ ಮೊದಲು ವೈದ್ಯರ ನೆನಪಾಗಲಿ. ಹಳೆ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಮನೆಯ ಹಿರಿಯರ ಕೈ ಹಿಡಿದು ನೋಡಲಿ. ಬೇಸಗೆಯಲ್ಲೂ ತಣ್ಣಗಿದ್ದರೆ ಅವರನ್ನು ರಕ್ತಪರೀಕ್ಷೆಗೆ ಕರೆದೊಯ್ಯಲಿ. ನಮ್ಮ ಶಾಲೆಯು ಶತಮಾನೋತ್ಸವವನ್ನು ಕಾಣಲಿ, ಎಲ್ಲರಿಗೂ ಆರೋಗ್ಯಭಾಗ್ಯ ಲಭಿಸಲಿ ಎಂದು ಹಾರೈಸುತ್ತೇನೆ.